ಡಿಗ್ರಿ ಮುಗಿಯಿತೇ? ಆರೋಗ್ಯ ವಿಮೆಯ ಅರ್ಜಿಯನ್ನು ನೀವೇ ತುಂಬಿ

ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ ತಿಂಗಳಲ್ಲೇ ಆರೋಗ್ಯ ವಿಮೆ ಮಾಡಿಸಿದಳು. ಅರ್ಜಿ ತುಂಬಿದವರು ಏಜೆಂಟರು; ಅವಳು ಫೋನಿನಲ್ಲಿ ಒಟಿಪಿ ಹೇಳಿದಳು, ಅಷ್ಟೇ. ಪಾಲಿಸಿ ಬಂದ ಮೇಲೆ ತೆರೆದು ನೋಡಿದರೆ ‘ಥೈರಾಯ್ಡ್ ತೊಂದರೆ ಇದೆಯೇ?’ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದಿತ್ತು. ಎರಡು ವರ್ಷದಿಂದ ದಿನವೂ ಖಾಲಿ ಹೊಟ್ಟೆಯಲ್ಲಿ 50 ಮೈಕ್ರೋಗ್ರಾಂ ಗುಳಿಗೆ ನುಂಗುವ ಹುಡುಗಿ ಅವಳು. ಇಂಥ ಅರ್ಜಿಯನ್ನು ನಾನು ನೋಡಿದ್ದು ಇದೇ ಮೊದಲಲ್ಲ.

ಮೊದಲು, ಈಗಾಗಲೇ ಏನಿದೆ ಎಂದು ನೋಡಿಕೊಳ್ಳಿ. ಅಪ್ಪ ಅಮ್ಮನ ಫ್ಯಾಮಿಲಿ ಫ್ಲೋಟರ್‌ನಲ್ಲಿ (ಇಡೀ ಕುಟುಂಬಕ್ಕೆ ಸೇರಿ ಒಂದೇ ಮೊತ್ತದ ಪಾಲಿಸಿ) ಮಕ್ಕಳ ಹೆಸರು ಸಾಮಾನ್ಯವಾಗಿ 25 ವರ್ಷದವರೆಗೆ, ಅದೂ ಸ್ವಂತ ದುಡಿಮೆ ಶುರುವಾಗುವ ತನಕ ಮಾತ್ರ ಇರುತ್ತದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳವಾದರೆ ಇಎಸ್‌ಐ ಸೌಲಭ್ಯವಿದೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಕಂಪನಿಯ ಗುಂಪು ವಿಮೆಯನ್ನು ನೆಚ್ಚಿಕೊಂಡು ಕೂರಬೇಡಿ; ಕೆಲಸ ಬಿಟ್ಟರೆ ಅದೂ ಬಿಟ್ಟುಹೋಗುತ್ತದೆ.

ಎರಡನೆಯದು ವಿಮೆಯ ಮೊತ್ತ. 5 ಲಕ್ಷಕ್ಕಿಂತ ಕಡಿಮೆ ಬೇಡ, ಬೆಂಗಳೂರಿನಲ್ಲಿ ಇರುವವರಿಗೆ 10 ಲಕ್ಷವೇ ಸರಿ. ವೈಯಕ್ತಿಕ ಪಾಲಿಸಿಯ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಆಸ್ಪತ್ರೆಯ ಕೊಠಡಿ ಬಾಡಿಗೆಗೆ ಮಿತಿ ಹಾಕುವ ಪಾಲಿಸಿಯನ್ನು ಮುಟ್ಟಬೇಡಿ: ದಿನಕ್ಕೆ 5,000 ರೂಪಾಯಿ ಮಿತಿಯಿದ್ದು 10,000ದ ಕೊಠಡಿ ಹಿಡಿದರೆ ವೈದ್ಯರ ಶುಲ್ಕದಲ್ಲೂ ಅರ್ಧ ಕಡಿತವಾಗಬಹುದು. ಆಸ್ಪತ್ರೆಯಲ್ಲಿದ್ದ ದಿನಕ್ಕೆ ಇಷ್ಟು ರೂಪಾಯಿ ಎಂದು ಕೊಡುವ ಅಗ್ಗದ ಪಾಲಿಸಿ ಆರೋಗ್ಯ ವಿಮೆಗೆ ಬದಲಿಯಲ್ಲ; ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಅರ್ಜಿ. ಬಹಳಷ್ಟು ಮಂದಿ ಎಡವುವುದು ಇಲ್ಲೇ. ಕೂರುವ ಮೊದಲು ಹಳೆಯ ಔಷಧ ಚೀಟಿ, ಲ್ಯಾಬ್ ವರದಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಂಟನೇ ತರಗತಿಯಲ್ಲಿ ಒಮ್ಮೆ ಫಿಟ್ಸ್ ಬಂದದ್ದು ನಿಮಗೆ ಮರೆತಿದ್ದರೂ ಅವರಿಗೆ ನೆನಪಿರುತ್ತದೆ. ಇನ್‌ಹೇಲರ್, ಪಿಸಿಒಡಿ (ಅಂಡಾಶಯದ ತೊಂದರೆ), ಮೂಗಿನ ಶಸ್ತ್ರಚಿಕಿತ್ಸೆ, ಸಿಗರೇಟು, ನಿಜವಾದ ತೂಕ: ಕೇಳಿದ್ದಕ್ಕೆಲ್ಲ ಉತ್ತರ ಬರೆಯಿರಿ. ಗುಳಿಗೆಯ ಹೆಸರು, ಪ್ರಮಾಣ, ಯಾವಾಗಿನಿಂದ ಎಂಬುದೂ ಇರಲಿ. ‘ಇದೇನು ಮಹಾ ಕಾಯಿಲೆ’ ಎಂದು ನೀವೇ ತೀರ್ಮಾನಿಸಬೇಡಿ.

ಹೇಳಿದರೆ ಪ್ರೀಮಿಯಂ ಸ್ವಲ್ಪ ಏರಬಹುದು, ಆ ಕಾಯಿಲೆಯ ಖರ್ಚಿಗೆ ವಿಮೆ ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗಬಹುದು. ಅಪರೂಪಕ್ಕೆ ಅರ್ಜಿ ತಿರಸ್ಕಾರವೂ ಆದೀತು. ಮುಚ್ಚಿಟ್ಟರೆ? ಮುಂದೊಂದು ದಿನ ಜ್ವರವೆಂದು ದಾಖಲಾದಾಗ ಕರ್ತವ್ಯದಲ್ಲಿರುವ ವೈದ್ಯರು ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳುತ್ತಾರೆ. ನೀವು ನಿಜವನ್ನೇ ಹೇಳುತ್ತೀರಿ, ಅದು ಕೇಸ್ ಶೀಟಿಗೆ ಹೋಗುತ್ತದೆ. ವಿಮಾ ಕಂಪನಿ ಮೊದಲು ಓದುವುದು ಅದನ್ನೇ; ಮುಚ್ಚಿಟ್ಟದ್ದು ಗೊತ್ತಾದರೆ ಹಣ ಕೊಡಲು ನಿರಾಕರಿಸಬಹುದು. ಐದು ವರ್ಷ ಸತತವಾಗಿ ಕಂತು ಕಟ್ಟಿದರೆ ಏನೂ ಕೇಳುವುದಿಲ್ಲ ಎಂದು ಏಜೆಂಟರು ಹೇಳಿದರೆ ನಂಬಬೇಡಿ. ಐದು ವರ್ಷದ ಮೇಲೆ ಮುಚ್ಚಿಟ್ಟ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ ಎಂಬ ನಿಯಮವೇನೋ ಇದೆ, ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆಯೂ ಇಲ್ಲ.

ನಿಮ್ಮ ಆರೋಗ್ಯ ವಿಚಾರಿಸಲು ವಿಮಾ ಕಂಪನಿಯ ವೈದ್ಯರು ಫೋನ್ ಮಾಡಿದಾಗ ಬಸ್ಸಿನಲ್ಲಿದ್ದರೆ ಆಮೇಲೆ ಮಾಡಲು ಹೇಳಿ. ಗದ್ದಲದಲ್ಲಿ ‘ಹೂಂ’ ಅಂದದ್ದೂ ದಾಖಲಾಗುತ್ತದೆ. ತುಂಬಿದ ಅರ್ಜಿಯನ್ನು ಪೂರ್ತಿ ಓದಿದ ಮೇಲೆಯೇ ಒಟಿಪಿ ಕೊಡಿ.

ಪಾಲಿಸಿ ಬಂದ ಮೇಲೆ ಹೆಸರು, ಜನ್ಮದಿನಾಂಕ, ನಾಮಿನಿ, ಕಾಯಿಲೆಯ ವಿವರ ನೋಡಿ. ಬೇಡವೆನಿಸಿದರೆ ಹಿಂತಿರುಗಿಸಲು 30 ದಿನ ಇರುತ್ತದೆ. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ.

ಪಕ್ಕದ ಮನೆಯ ಹುಡುಗಿ ಹಿಂತಿರುಗಿಸಲು ಇರುವ ಆ 30 ದಿನದೊಳಗೇ ಔಷಧ ಚೀಟಿಯ ಚಿತ್ರ ಲಗತ್ತಿಸಿ ಇಮೇಲ್ ಕಳುಹಿಸಿದಳು. ಪ್ರೀಮಿಯಂ ತುಸು ಹೆಚ್ಚಾಯಿತು. ತಿದ್ದಿದ ಪಾಲಿಸಿಯ ಎರಡನೇ ಪುಟದಲ್ಲಿ ಈಗ ಥೈರಾಯ್ಡ್ ಎಂದು ಅಚ್ಚಾಗಿದೆ.