ಅಂಗುಳ ಕೂಡುವ ಪಾಠಕ್ಕೆ ಕೋಳಿ ತಲೆ

ಸೀಳು ಅಂಗುಳದ ಕೂಸನ್ನೆತ್ತಿಕೊಂಡು ಸೇಡಂ, ಜೇವರ್ಗಿ, ಶಹಾಪುರ ಕಡೆಯಿಂದ ಕಲಬುರಗಿಯ ನಮ್ಮ ಓಪಿಡಿಗೆ ಬರುವವರ ಜೊತೆ ಅತ್ತೆಯೊಬ್ಬರು ಇದ್ದೇ ಇರುತ್ತಾರೆ. ‘ಗ್ರಹಣದಾಗ ಈಳಗಿ ಹಿಡದು ಕಾಯಿಪಲ್ಲೆ ಹೆಚ್ಚಿದ್ಳು ನೋಡ್ರಿ ಡಾಕ್ಟರ್ ಸಾಹೇಬ್ರ’ ಎನ್ನುತ್ತಾರೆ. ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ‘ಆಗ ಎಷ್ಟು ತಿಂಗಳಿತ್ತವ್ವ?’ ಎಂದು ಕೇಳುತ್ತೇನೆ. ಐದೋ ಆರೋ ಎಂದರೆ ನನ್ನ ಕೆಲಸ ಹಗುರ: ಅಂಗುಳ 12ನೇ ವಾರದ ಹೊತ್ತಿಗೇ ಕೂಡಿ ಮುಗಿದಿರುತ್ತದೆ. ಎರಡು ಎಂದರೆ ಅಂಗುಳ ಇನ್ನೂ ಕೂಡುವ ಹೊತ್ತು, ಆದರೂ ಕಾರಣ ಗ್ರಹಣವಲ್ಲ ಎಂದು ಬಿಡಿಸಿ ಹೇಳಲು ಕುರ್ಚಿ ಎಳೆದುಕೊಂಡು ಕೂರಬೇಕಾಗುತ್ತದೆ.

ಇಂಟರ್ನ್‌ಗಳಿಗೆ ಹೇಳಿಕೊಡುವುದು ಬೇರೆಯೇ ತಲೆನೋವು. ಜೀನುಗಳ ಹೆಸರನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಭ್ರೂಣದಲ್ಲಿ ಯಾವ ಪದರ ಯಾವುದಕ್ಕೆ ಸಂಕೇತ ಕಳಿಸಿತು ಎಂದರೆ ಸುಮ್ಮನಾಗುತ್ತಾರೆ. ಅದಕ್ಕೇ ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೈಗೆ ಚೀಟಿ ಕೊಡುತ್ತೇನೆ. ಒಬ್ಬ ಒಳಗಿನ ಅಂಗಾಂಶ ಮೆಸೆಂಕೈಮ್, ಇನ್ನೊಬ್ಬ ಮೇಲಿನ ಹೊದಿಕೆ ಎಪಿಥೀಲಿಯಂ. ಒಳಗಿನವನು ಎಫ್‌ಜಿಎಫ್10 ಎಂಬ ಸಂಕೇತ ಪ್ರೋಟೀನಿನ ಚೀಟಿ ಕಳಿಸಬೇಕು. ಅದು ಮುಟ್ಟಿದ ಮೇಲೆ ಹೊದಿಕೆಯವನು ಸಾನಿಕ್ ಹೆಜ್‌ಹಾಗ್ ಎಂಬ ಇನ್ನೊಂದು ಸಂಕೇತದ ಚೀಟಿ ವಾಪಸು ಕೊಡಬೇಕು. ಆಗಲೇ ಒಳಗಿನ ಕೋಶಗಳು ಹೆಚ್ಚುತ್ತವೆ, ಶೆಲ್ಫ್ (ಎರಡೂ ಬದಿಯಿಂದ ಬೆಳೆದು ಅಂಗುಳವಾಗುವ ಹಲಗೆ) ಬೆಳೆಯುತ್ತದೆ. ನಡುವೆ ನಾನು ಒಂದು ಚೀಟಿ ಕಿತ್ತುಕೊಂಡರೆ ಮುಂದಿನದು ನಿಂತುಹೋಗುತ್ತದೆ.

ಮೊದಲು ಎರಡೂ ಶೆಲ್ಫ್‌ಗಳು ನಾಲಿಗೆಯ ಆಚೀಚೆ ಜೋತುಬಿದ್ದಿರುತ್ತವೆ. 8ನೇ ವಾರದ ಸುಮಾರಿಗೆ ನಾಲಿಗೆ ಕೆಳಗಿಳಿದು, ಇವು ಅಡ್ಡಕ್ಕೆ ಏಳುತ್ತವೆ. ಹೆಣ್ಣು ಭ್ರೂಣದಲ್ಲಿ ಇದು ಸುಮಾರು ಒಂದು ವಾರ ತಡ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು. ಆ ತಡವೇ ಕಾರಣವಿರಬಹುದು ಎನ್ನುತ್ತಾರೆ.

ಎರಡೂ ಶೆಲ್ಫ್ ಎದುರಾದ ಮಾತ್ರಕ್ಕೆ ಕೂಡಿಬಿಡುವುದಿಲ್ಲ. ಇದನ್ನು ತೋರಿಸಲು ಸೂಪರ್ ಮಾರ್ಕೆಟ್ ಕಡೆಯಿಂದ ಕೋಳಿ ತಲೆ ತರಿಸುತ್ತೇನೆ. ಅಂಗಡಿಯವನು ದುಡ್ಡು ತಗೊಳ್ಳುವುದಿಲ್ಲ, ನಾಯಿಗೆ ಅಂದುಕೊಳ್ಳುತ್ತಾನೆ. ಶಾಕಾಹಾರಿ ಹುಡುಗರು ದೂರ ನಿಂತೇ ನೋಡುತ್ತಾರೆ. ಕೊಕ್ಕು ಅಗಲಿಸಿದರೆ ಬಾಯಿಯ ಮೇಲ್ಭಾಗದಲ್ಲಿ ನಟ್ಟನಡುವೆ ಉದ್ದನೆಯ ಸೀಳು. ರೋಗವಲ್ಲ, ಕೋಳಿಗೆ ಅದೇ ಸಹಜ. ಪ್ರಯೋಗಾಲಯದಲ್ಲಿ ಕೋಳಿ ಭ್ರೂಣದ ಅಂಗುಳಕ್ಕೆ ಹೊರಗಿನಿಂದ ಟಿಜಿಎಫ್-ಬೀಟಾ3 ಎಂಬ ಸಂಕೇತ ಪ್ರೋಟೀನು ಕೊಟ್ಟಾಗ ಅದೂ ಕೂಡಿಕೊಂಡಿತು. 1995ರಲ್ಲಿ ಇಲಿಗಳಲ್ಲಿ ಇದರ ಜೀನನ್ನೇ ತೆಗೆದು ನೋಡಿದರು. ಮರಿಗಳು ಸೀಳು ಅಂಗುಳದಿಂದ ಹುಟ್ಟಿದವು. ನಮ್ಮಲ್ಲಿ ಶೆಲ್ಫ್‌ನ ಅಂಚಿನ ಹೊದಿಕೆ ಈ ಸಂಕೇತ ಹೊರಡಿಸುತ್ತದೆ, ಆಮೇಲೆ ತಾನೇ ಇಲ್ಲವಾಗುತ್ತದೆ. ಹೊದಿಕೆ ಉಳಿದರೆ ಎರಡು ಬದಿಯ ಮಾಂಸ ಒಂದಾಗುವುದೇ ಇಲ್ಲ.

ಓಪಿಡಿಯಲ್ಲಿ ಇದೆಲ್ಲ ಕೆಲಸಕ್ಕೆ ಬರುವುದು, ‘ಮುಂದಿನ ಕೂಸಿಗೂ ಹಿಂಗ ಆಗ್ತದೇನ್ರಿ?’ ಎಂದು ತಾಯಿ ಕೇಳಿದಾಗ. ಉತ್ತರ ಕೊಡುವ ಮುಂಚೆ ಅಪ್ಪ ಅಮ್ಮ ಇಬ್ಬರ ಕೆಳತುಟಿಯನ್ನೂ ನೋಡಿ ಎಂದು ಇಂಟರ್ನ್‌ಗಳಿಗೆ ಹೇಳಿದ್ದೇನೆ. ಅಲ್ಲಿ ಸಣ್ಣ ಗುಳಿಗಳಿದ್ದರೆ ವ್ಯಾನ್ ಡರ್ ವೂಡ್ ಸಿಂಡ್ರೋಮ್ ಎಂಬ ಆನುವಂಶಿಕ ಸಮಸ್ಯೆ ಇರಬಹುದು. ಹೆಚ್ಚಾಗಿ ಹೊದಿಕೆಯ ಕೋಶಗಳಿಗೆ ಬೇಕಾದ ಐಆರ್‌ಎಫ್6 ಜೀನಿನ ದೋಷ. ಆಗ ಆ ಜೀನು ಮುಂದಿನ ಕೂಸಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಗುಳಿಯೂ ಇಲ್ಲ, ಮನೆತನದಲ್ಲಿ ಮತ್ಯಾರಿಗೂ ಇಲ್ಲ ಎಂದರೆ ಸುಮಾರು ನೂರಕ್ಕೆ 2ರಿಂದ 5. ಬಸಿರಿನಲ್ಲಿ ಮೂರ್ಛೆರೋಗದ ಮಾತ್ರೆ ತಗೊಂಡಿದ್ದರೆ, ಸೋದರಮಾವನನ್ನೇ ಮದುವೆಯಾಗಿದ್ದರೆ ಅದನ್ನೂ ಕೇಸ್ ಶೀಟಿನಲ್ಲಿ ಬರೆಸುತ್ತೇನೆ.