ಎಲೆಕ್ಟ್ರಿಕ್ ಯುಕುಲೇಲೆಗೆ ಸ್ಟೀಲ್ ತಂತಿ: ನಾನು ಗೇಜ್ ಆರಿಸುವ ರೀತಿ

ಬೆಳಗಾವಿಯ ವಾದ್ಯದ ಅಂಗಡಿಯಲ್ಲಿ ಯುಕುಲೇಲೆ ತಂತಿ ಕೇಳಿದರೆ ಕೈಗೆ ಬರುವುದು ನೈಲಾನ್ ಸೆಟ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮ್ಯಾಗ್ನೆಟಿಕ್ ಪಿಕಪ್ ಇರುವ ಸಾಲಿಡ್ ಬಾಡಿ (ಪೊಳ್ಳಿಲ್ಲದ ಒಡಲಿನ) ಯುಕುಲೇಲೆಗೆ ಅದರಿಂದ ಉಪಯೋಗವಿಲ್ಲ. ಅಯಸ್ಕಾಂತಕ್ಕೆ ಅಂಟುವ ಲೋಹ ಮೇಲೆ ಕಂಪಿಸಿದರಷ್ಟೇ ಆ ಪಿಕಪ್‌ಗೆ ಗೊತ್ತಾಗುತ್ತದೆ. ಹಾಗಾಗಿ ನಾನು ಕೇಳುವುದು ಎಲೆಕ್ಟ್ರಿಕ್ ಗಿಟಾರಿನ 10–46 ಸೆಟ್. ಅದರಲ್ಲಿ 10, 13, 17, 26, 36, 46 ಗೇಜಿನ (ದಪ್ಪದ) ಆರು ತಂತಿ ಇರುತ್ತವೆ. ಕೊನೆಯ ಎರಡನ್ನು ಎತ್ತಿಟ್ಟು ಉಳಿದ ನಾಲ್ಕರಿಂದ ಯುಕುಲೇಲೆಯ ಜಿ, ಸಿ, ಇ, ಎ ತಂತಿಗಳ ಕೆಲಸ ಶುರು ಮಾಡಬಹುದು. ಅಕೂಸ್ಟಿಕ್ ಗಿಟಾರಿನ ಸೆಟ್ ಮಾತ್ರ ಬೇಡ. ಅದರ ದಪ್ಪ ತಂತಿಗಳಿಗೆ ಸುತ್ತಿರುವುದು ಕಂಚು. ಪಿಕಪ್‌ಗೆ ಒಳಗಿನ ಸ್ಟೀಲ್ ಅಷ್ಟೇ ಕಾಣುತ್ತದೆ, ಜಿ ತಂತಿ ಸೊರಗಿದಂತೆ ಕೇಳುತ್ತದೆ. ಸುತ್ತಿದ ತಂತಿಯಾದರೆ ಪೊಟ್ಟಣದ ಮೇಲೆ ‘ನಿಕಲ್ ವೂಂಡ್’ ಎಂದಿರಬೇಕು.

ಗೇಜ್ ಎಂದರೆ ಇಂಚಿನ ಸಾವಿರದ ಲೆಕ್ಕ. 10 ಎಂದರೆ 0.010 ಇಂಚು, ಅಂದರೆ 0.254 ಮಿಲಿಮೀಟರ್. ಯಾವ ಗೇಜ್ ಎಲ್ಲಿಗೆ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಿಲ್ಲ, ಸುಲಭದ ಸೂತ್ರವೇ ಇದೆ. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗಿನ (ಒಡಲಿನ ಮೇಲೆ ತಂತಿ ಕೂರುವ ಆಸರೆ) ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ಎರಡರಿಂದ ಗುಣಿಸಿ, ಬಂದದ್ದನ್ನು ಸ್ವರದ ಹರ್ಟ್ಸ್‌ನಿಂದ ಗುಣಿಸಿ, ಆ ಮೊತ್ತದ ವರ್ಗ ಮಾಡಿ. ಅದನ್ನು ಒಂದು ಮೀಟರ್ ತಂತಿಯ ತೂಕದಿಂದ (ಕಿಲೋದಲ್ಲಿ) ಗುಣಿಸಿ 9.81ರಿಂದ ಭಾಗಿಸಿದರೆ ಎಳೆತ ಎಷ್ಟು ಕಿಲೋ ಎಂದು ಸಿಗುತ್ತದೆ. 10 ಗೇಜಿನ ಒಂಟಿ (ಮೇಲೆ ಏನೂ ಸುತ್ತಿರದ) ಸ್ಟೀಲ್ ತಂತಿ ಮೀಟರಿಗೆ ಸುಮಾರು 0.4 ಗ್ರಾಂ ತೂಗುತ್ತದೆ. ಟೆನರ್ ಎಂಬ ದೊಡ್ಡ ಅಳತೆಯ ಯುಕುಲೇಲೆಯ 17 ಇಂಚು, ಅಂದರೆ 432 ಮಿ.ಮೀ. ಉದ್ದದಲ್ಲಿ ಅದನ್ನು 440 ಹರ್ಟ್ಸ್‌ನ ಎ ಸ್ವರಕ್ಕೆ ಏರಿಸಿದರೆ 5.8 ಕಿಲೋ ಎಳೆತ.

ನಾಲ್ಕೂ ತಂತಿ 5.5ರಿಂದ 6 ಕಿಲೋ ಒಳಗೆ ಬರಬೇಕೆಂಬುದು ನನ್ನ ನಿಯಮ. ಅದಕ್ಕಿಂತ ಸಡಿಲವಿದ್ದರೆ ಬೆರಳು ಒತ್ತಿದ ಕೂಡಲೇ ಶ್ರುತಿ ಏರುತ್ತದೆ, ಬಿಗಿಯಾದರೆ ಮೀಂಡ್ ಎಳೆಯಲು ಕೈ ಸೋಲುತ್ತದೆ. ಟೆನರ್‌ನಲ್ಲಿ ಎಗೆ 10, ಇಗೆ 13 ಹಾಕಿದರೆ 5.8 ಮತ್ತು 5.5 ಕಿಲೋ. ಕೆಳಗಿನ ಸಪ್ತಕದ ಜಿಗೆ ಸೆಟ್‌ನಲ್ಲಿರುವ 26 ಹಾಕಿದರೆ 6.6 ಕಿಲೋ ಆಗಿ ಆ ಒಂದೇ ತಂತಿ ಬಿಗಿ ಅನಿಸುತ್ತದೆ. 24ರ ಬಿಡಿ ತಂತಿ ತರಿಸಿದರೆ 5.7ಕ್ಕೆ ಸರಿಹೋಗುತ್ತದೆ. ಜಿಯನ್ನು ಯುಕುಲೇಲೆಯ ರೂಢಿಯಂತೆ ಮೇಲಿನ ಸಪ್ತಕದಲ್ಲೇ ಇಡುವುದಾದರೆ 11ರ ಒಂಟಿ ತಂತಿ ಬೇಕು, 5.6 ಕಿಲೋ. 9–42 ಸೆಟ್ ಯಾಕೆ ಬೇಡವೆಂದರೆ ಅದರ 11 ಇ ಸ್ವರದಲ್ಲಿ 4 ಕಿಲೋಗಿಂತ ಕೆಳಗಿಳಿದು ಜೋಲುತ್ತದೆ.

ಟೆನರ್‌ಗಿಂತ ಚಿಕ್ಕದಾದ ಕನ್ಸರ್ಟ್ ಅಳತೆಯಲ್ಲಿ ಉದ್ದ 15 ಇಂಚು. ಅದೇ ತಂತಿ, ಅದೇ ಸ್ವರ ಇಟ್ಟರೆ ಎಳೆತ ಶೇ 22ರಷ್ಟು ಇಳಿಯುತ್ತದೆ. ಅದಕ್ಕೆ ಎಲ್ಲವನ್ನೂ ಒಂದು ಮೆಟ್ಟಿಲು ದಪ್ಪ ಮಾಡುತ್ತೇನೆ: ಎಗೆ 11, ಇಗೆ 14, ಸಿಗೆ ಸುತ್ತಿದ 20, ಕೆಳಗಿನ ಜಿಗೆ 26, ಮೇಲಿನದಾದರೆ 12. ಇಲ್ಲಿ 5ರಿಂದ 5.5 ಕಿಲೋಗೆ ತೃಪ್ತಿಪಡಬೇಕು. ಇನ್ನೂ ಚಿಕ್ಕ ಅಳತೆಯ ಸೊಪ್ರಾನೋಗೆ ಸ್ಟೀಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಕಲೇಬೇಕೆಂದಿದ್ದರೆ ಶ್ರುತಿಯನ್ನು ಒಂದು ಪೂರ್ಣ ಸ್ವರ ಏರಿಸಿ, ಎಳೆತ ಕಾಲು ಭಾಗ ಹೆಚ್ಚುತ್ತದೆ.

ತಂತಿ ಹರಿಯುತ್ತದೆಂಬ ಭಯ ಬೇಡ. ಒಂಟಿ ಸ್ಟೀಲ್ ತಂತಿ ಯಾವ ಸ್ವರಕ್ಕೆ ಹರಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಉದ್ದ, ದಪ್ಪವಲ್ಲ. 25.5 ಇಂಚಿನ ಗಿಟಾರಿನ ಮೊದಲ ತಂತಿ ಇದಕ್ಕಿಂತ ಹೆಚ್ಚು ಒತ್ತಡದಲ್ಲೇ ದಿನವೂ ಬಾಳುತ್ತದೆ. ಹರಿದರೆ ಬ್ರಿಜ್‌ನ ಚೂಪು ಅಂಚನ್ನೋ ಶ್ರುತಿ ಕೀಲಿಯ ತೂತನ್ನೋ ನೋಡಿ, ಅಲ್ಲಿ ನಯವಾದ ಎಮರಿ ಕಾಗದ ಆಡಿಸಿ.

ತಲೆನೋವು ಸಿ ತಂತಿಯದು. ಸೆಟ್‌ನ 17 ಒಂಟಿ ತಂತಿ, 5.9 ಕಿಲೋ, ಲೆಕ್ಕಕ್ಕೆ ಸೊಗಸಾಗಿ ಕೂರುತ್ತದೆ. ಆದರೆ 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ನೋಡಿ, ಶ್ರುತಿ ಮೇಲೇರಿರುತ್ತದೆ. ಫ್ರೆಟ್‌ಗೆ ಒತ್ತಿದಾಗ ಪ್ರತಿ ತಂತಿಯೂ ಒಂದಿಷ್ಟು ಹಿಗ್ಗುತ್ತದೆ. ದಪ್ಪ ಸ್ಟೀಲ್ ಅಷ್ಟೇ ಹಿಗ್ಗಿದರೂ ಎಳೆತ ಬಹಳ ಏರುತ್ತದೆ. ಸುತ್ತಿದ ತಂತಿಯಲ್ಲಿ ಎಳೆತ ಹೊರುವುದು ಒಳಗಿನ ತೆಳು ಎಳೆ ಮಾತ್ರ, ಸುತ್ತಿದ್ದು ಬರೀ ತೂಕ. ಆದ್ದರಿಂದ ಅದರ ಶ್ರುತಿ ಅಷ್ಟು ಸರಿಯುವುದಿಲ್ಲ. ನಾನು ಟೆನರ್‌ಗೆ ಸುತ್ತಿದ 18 ಹಾಕುತ್ತೇನೆ, 5.8 ಕಿಲೋ. ಇನ್ನೊಂದು ಲಾಭವೂ ಇದೆ: ಒಂಟಿ 17ರಲ್ಲಿ ಸ್ಟೀಲ್ ಜಾಸ್ತಿ, ಪಿಕಪ್‌ನಲ್ಲಿ ಅದೊಂದೇ ಅಬ್ಬರಿಸುತ್ತದೆ. ತಂತಿ ಎಳೆದು ಬ್ಲೂಸ್ ನುಡಿಸುವವರು ಒಂಟಿ 17 ಬಿಡಲೊಲ್ಲರು, ಅದು ಅವರ ರುಚಿ. ಅಂಥವರು ಸಿ ಕೆಳಗಿನ ಪಿಕಪ್ ತಿರುಪನ್ನು ಅರ್ಧ ಸುತ್ತು ಇಳಿಸಿಕೊಳ್ಳಲಿ.

ಬ್ರಿಜ್ ಸರಿಸಲು ಬರುವಂತಿದ್ದರೆ 12ನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಟೆನರ್‌ನಲ್ಲಿ ಒತ್ತಿದ್ದು 4 ಸೆಂಟ್ (ಅರೆಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರಿದ್ದರೆ ಬ್ರಿಜ್ ಮೇಲೆ ಆ ತಂತಿ ಕೂರುವ ಸ್ಯಾಡಲ್ಲನ್ನು ಸುಮಾರು 1 ಮಿ.ಮೀ. ಹಿಂದಕ್ಕೆ ಎಳೆಯಬೇಕು. ಪ್ರತಿ ಸಲ ಮತ್ತೆ ಶ್ರುತಿ ಮಾಡಿಯೇ ಅಳೆಯಿರಿ. ಬ್ರಿಜ್ ಒಂದೇ ತುಂಡಿನದಾಗಿದ್ದರೆ ಸುತ್ತಿದ ಸಿ ಬಿಟ್ಟು ಬೇರೆ ದಾರಿ ಇಲ್ಲ.

ಈ ಕಡೆ, ಅದರಲ್ಲೂ ಮಿರಜ್‌ನಲ್ಲಿ, ಸಿತಾರ ಮತ್ತು ತಂಬೂರಿ ತಂತಿ ಸುಲಭವಾಗಿ ಸಿಗುತ್ತವೆ. ಸಿತಾರದ ಸ್ಟೀಲ್ ತಂತಿ ಇಲ್ಲಿಯೂ ನಡೆಯುತ್ತದೆ. ಎಸ್‌ಡಬ್ಲ್ಯುಜಿ (ತಂತಿಯ ದಪ್ಪ ಹೇಳುವ ಬ್ರಿಟಿಷ್ ಅಳತೆ) ನಂಬರಿನಲ್ಲಿ ಕೊಡುವವರಿದ್ದರೆ 33 ಎಂದರೆ ಗಿಟಾರಿನ 10, 30 ಎಂದರೆ 12.4, 29 ಎಂದರೆ 13.6. ನಂಬರ್ ಏರಿದಷ್ಟೂ ತಂತಿ ತೆಳು, ಇದು ನೆನಪಿರಲಿ. ತುದಿಯಲ್ಲಿ ಗುಂಡು ಇರುವುದಿಲ್ಲ. ಹಳೆಯ ಗಿಟಾರ್ ತಂತಿಯ ಗುಂಡು ತೆಗೆದು, ಅದರ ಕಚ್ಚಿನಲ್ಲಿ ತಂತಿ ಕೂರಿಸಿ ಹತ್ತು ಹನ್ನೆರಡು ಸುತ್ತು ಒತ್ತೊತ್ತಾಗಿ ಹೊಸೆದರೆ ಜಾರುವುದಿಲ್ಲ. ತಂಬೂರಿಯ ಹಿತ್ತಾಳೆ ತಂತಿಗೆ ಕೈ ಹಾಕಬೇಡಿ, ಪಿಕಪ್‌ಗೆ ಅದು ಇದ್ದೂ ಇಲ್ಲದಂತೆ.

ಮೊದಲು ನೈಲಾನ್ ಇದ್ದ ನಟ್ ಆದರೆ ತಂತಿ ಕೂರುವ ಅದರ ಕಚ್ಚುಗಳು ಅಗಲ. 10ರ ತಂತಿ ಅಲ್ಲಿ ಅಲುಗಾಡಿ ಜವಾರಿಯಂತೆ ಝೇಂಕರಿಸುತ್ತದೆ. ಸಿತಾರಕ್ಕೆ ಅದು ಚೆಂದ, ಇಲ್ಲಿ ಕಿರಿಕಿರಿ. ಕಚ್ಚಿಗೆ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಆಮೇಲೆ ಹೊಸದಾಗಿ ಕೊರೆಯಿರಿ. ದುಬಾರಿ ಫೈಲ್ ಬೇಕಿಲ್ಲ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಟಾರ್ಚ್ ತೂತು ಕೆರೆಯುವ ಗರಗಸಿ ಸೂಜಿಗಳ ಕಟ್ಟು ಸಿಗುತ್ತದೆ, ತಂತಿಗಿಂತ ಕೂದಲೆಳೆಯಷ್ಟು ದಪ್ಪದ ಸೂಜಿ ಆರಿಸಿ. ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಬೆಳಕು ಕಂಡೂ ಕಾಣದಷ್ಟು ಸಂದು ಉಳಿದರೆ ಆಳ ಸಾಕು. ಇನ್ನೂ ಎತ್ತರವಿದ್ದರೆ ಮೊದಲ ಫ್ರೆಟ್‌ನ ಸ್ವರವೆಲ್ಲ ಏರುತ್ತದೆ, ಬ್ರಿಜ್ ಎಷ್ಟು ಸರಿಸಿದರೂ ಅದು ಇಳಿಯುವುದಿಲ್ಲ.

ಹಲ್ಲಿನ ಚಕ್ರವಿಲ್ಲದ, ಬರೀ ಬಿಗಿತದಿಂದ ನಿಲ್ಲುವ ಕೀಲಿ ಸ್ಟೀಲ್‌ಗೆ ಆಗದು. ಸ್ಟೀಲ್ ಹಿಗ್ಗುವುದು ಕಡಿಮೆ, ತುಸು ತಿರುಗಿಸಿದರೂ ಸ್ವರ ಜಿಗಿಯುತ್ತದೆ. 14ಕ್ಕೆ 1ರ ಗೇರ್ ಕೀಲಿ ಹಾಕಿಸಿ, ಕಂಬ ಲೋಹದ್ದಿರಲಿ. ಪ್ಲಾಸ್ಟಿಕ್ ಕಂಬವನ್ನು ತಂತಿ ಕೊರೆದುಬಿಡುತ್ತದೆ. ಸುತ್ತಿದ ತಂತಿಯ ತುದಿಯನ್ನು ಮೊದಲು ಮಡಚಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಸುತ್ತು ಬಿಚ್ಚಿಕೊಂಡು ತಂತಿ ಸತ್ತಂತೆ ನುಡಿಯುತ್ತದೆ.

ನಾಲ್ಕೂ ಸೇರಿ ಕತ್ತಿನ ಮೇಲೆ ಸುಮಾರು 23 ಕಿಲೋ ಬೀಳುತ್ತದೆ, ಗಿಟಾರಿನ ಅರ್ಧ. ಸಾಲಿಡ್ ಬಾಡಿ ತಡೆಯುತ್ತದೆ. ಪೊಳ್ಳು ಯುಕುಲೇಲೆಯಲ್ಲಿ ಅಂಟಿಸಿದ ಬ್ರಿಜ್ ಏಳುತ್ತದೆ, ಅದಕ್ಕೆ ಸ್ಟೀಲ್ ತೋರಿಸಲೂ ಬೇಡಿ.

ಬೆಳಗಾವಿಯ ಮಳೆಗಾಲದಲ್ಲಿ ಒಂಟಿ ತಂತಿಗಳಿಗೆ ಬೇಗ ತುಕ್ಕು ಬರುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ಆಂಪ್ಲಿಫೈಯರಿನ ಪ್ಲಗ್ ಹಾಕುವ ಮೊದಲು ಮನೆಯ ಮೂರು ಪಿನ್ನಿನ ಸಾಕೆಟ್‌ಗೆ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಮ್ಯಾಗ್ನೆಟಿಕ್ ಪಿಕಪ್ ಇರುವ ವಾದ್ಯಗಳಲ್ಲಿ ಸಾಮಾನ್ಯವಾಗಿ ತಂತಿಗಳನ್ನು ಬ್ರಿಜ್ ಮೂಲಕ ಅದೇ ಅರ್ಥ್ ತಂತಿಗೆ ಜೋಡಿಸಿರುತ್ತಾರೆ, ನಿಮ್ಮ ಬೆರಳು ಇರುವುದು ಅದರ ಮೇಲೆ.