ಡಿವಿಡಿ ಡ್ರೈವ್ ಕೈಕೊಟ್ಟಿದೆಯಾ? ಮೊದಲು ಬೇರೆ ಡಿಸ್ಕ್ ಹಾಕಿ ನೋಡಿ

ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಮನೆಗೆ ಅಕ್ಕಪಕ್ಕದವರು ಮದುವೆ, ನಾಮಕರಣ, ಗೃಹಪ್ರವೇಶದ ಹಳೇ ಸಿಡಿ ಹಿಡಿದುಕೊಂಡು ಬರುತ್ತಾರೆ. ‘ಡ್ರೈವ್ ಹೋಗಿದೆ, ಹೊಸದು ತರಬೇಕಾ?’ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು, ಬೇರೆ ಡಿಸ್ಕ್ ಹಾಕಿ ನೋಡಿದಿರಾ ಅಂತ. ಒಂದೇ ಡಿಸ್ಕ್ ಹಟ ಮಾಡುತ್ತಿದ್ದರೆ ಡ್ರೈವನ್ನು ಬೈದು ಪ್ರಯೋಜನವಿಲ್ಲ. ಮೆತ್ತನೆ ಒದ್ದೆ ಬಟ್ಟೆಯಿಂದ ಡಿಸ್ಕನ್ನು ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಒಣಗಿಸಿ ಹಾಕಿ. ಸುತ್ತ ತಿರುಗಿಸಿ ಉಜ್ಜಬೇಡಿ.

ಡಿವಿಡಿ ಓದುತ್ತದೆ, ಸಿಡಿ ಮಾತ್ರ ಓದುವುದಿಲ್ಲ ಅನ್ನುವುದೂ ಉಂಟು. ಸಿಡಿಗೆ 780 ನ್ಯಾನೋಮೀಟರ್ ಲೇಸರ್ ಬೇಕು, ಡಿವಿಡಿಗೆ 650. ಒಂದು ಸೋತರೂ ಇನ್ನೊಂದು ನಡೆಯುತ್ತಿರುತ್ತದೆ.

ಯಾವ ಡಿಸ್ಕೂ ಓದದಿದ್ದರೆ ಲೆನ್ಸ್ ನೋಡಿ. ನಮ್ಮೂರಲ್ಲಿ ರಸ್ತೆ ಅಗೆಯುವುದು ನಿಲ್ಲುವುದೇ ಇಲ್ಲ, ಧೂಳು ಎಲ್ಲಿಗೂ ನುಗ್ಗುತ್ತದೆ. ಲ್ಯಾಪ್‌ಟಾಪ್ ಡ್ರೈವಿನಲ್ಲಿ ಟ್ರೇ ಎಳೆದರೆ ಲೆನ್ಸ್ ಎದುರಿಗೇ ಕಾಣುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಇಯರ್‌ಬಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒತ್ತದೆ ಸವರಿ. ಚೆನ್ನಾಗಿ ಆರಲು ಬಿಡಿ.

ಟ್ರೇ ಹೊರಗೇ ಬರುತ್ತಿಲ್ಲವಾ? ಅದರ ಮುಖದ ಮೇಲೆ ಸಣ್ಣ ತೂತು ಇರುತ್ತದೆ. ಕರೆಂಟ್ ತೆಗೆದು, ಜೆಮ್ ಕ್ಲಿಪ್ ನೆಟ್ಟಗೆ ಮಾಡಿ ನೇರವಾಗಿ ತಳ್ಳಿ, ಟ್ರೇ ಸ್ವಲ್ಪ ಈಚೆಗೆ ಬರುತ್ತದೆ. ಡೆಸ್ಕ್‌ಟಾಪ್ ಡ್ರೈವಿನಲ್ಲಿ ಇದು ಪದೇಪದೇ ಆಗುತ್ತಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರಬಹುದು.

ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸದೇ ಹೋದರೆ ಕಥೆ ಬೇರೆ. ಡೆಸ್ಕ್‌ಟಾಪ್ ಆದರೆ ಆಫ್ ಮಾಡಿ, ಡೇಟಾ ಸಾಗಿಸುವ ಸಾಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ಕಿತ್ತು ಮತ್ತೆ ಸಿಕ್ಕಿಸಿ. ಆಮೇಲೆ ಜೋಡಿಸಿರುವ ಸಾಧನಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ಹೆದರಬೇಡಿ, ವಿಂಡೋಸ್ ತಾನೇ ಅದನ್ನು ಮತ್ತೆ ಸೇರಿಸಿಕೊಳ್ಳುತ್ತದೆ. ಆ ಹೆಸರಿನ ಪಕ್ಕದಲ್ಲಿ ಹಳದಿ ಎಚ್ಚರಿಕೆ ಗುರುತಿದ್ದು, ಅದು ಆಮೇಲೂ ಹೋಗದಿದ್ದರೆ ಡಿಸ್ಕ್ ಬರೆಯುವ ಹಳೇ ಬರ್ನಿಂಗ್ ಸಾಫ್ಟ್‌ವೇರ್ ವಿಂಡೋಸಿನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ ಏನಾದರೂ ಬಿಟ್ಟುಹೋಗಿರಬಹುದು. ಅದಕ್ಕೆ ಗೊತ್ತಿರುವವರನ್ನೇ ಕೂರಿಸಿ, ಸುಮ್ನೆ ಕೈ ಹಾಕಬೇಡಿ.

ಡ್ರೈವ್ ಸರಿಯಿದ್ದೂ ಸಿನಿಮಾ ಓಡದಿದ್ದರೆ ವಿಡಿಯೊ ಓಡಿಸುವ ಸಾಫ್ಟ್‌ವೇರ್ ವಿಎಲ್‌ಸಿ ಹಾಕಿಕೊಳ್ಳಿ. ವಿಂಡೋಸ್ 8ರಿಂದ ಡಿವಿಡಿ ಸಿನಿಮಾ ತೋರಿಸುವ ಸೌಲಭ್ಯ ಜೊತೆಗೆ ಬರುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ ಹೋಗಿ. ರಿಪೇರಿಗೆ ದುಡ್ಡು ಹಾಕುವ ಬದಲು ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಹೊರಗಿನ ಡಿವಿಡಿ ಡ್ರೈವ್ ಕೊಳ್ಳುವುದೇ ವಾಸಿ. ಅಂಗಡಿಯಲ್ಲೇ ನಿಮ್ಮ ಡಿಸ್ಕ್ ಹಾಕಿ ಓದಿಸಿ ನೋಡಿ. ಮನೆಯಲ್ಲಿ ಅದು ಟಕ್ ಟಕ್ ಅಂದು ನಿಂತರೆ ಕರೆಂಟ್ ಸಾಲದೆ ಇರಬಹುದು. ಒಂದು ಪೋರ್ಟನ್ನು ಹಲವು ಮಾಡುವ ಹಬ್ ಬಿಟ್ಟು ನೇರ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಸಿಕ್ಕಿಸಿ.

ಡಿಸ್ಕ್ ಓದಿದ ಕೂಡಲೇ ನೋಡುತ್ತಾ ಕೂರಬೇಡಿ, ಮೊದಲು ಕಾಪಿ ಮಾಡಿ. ಡ್ರೈವ್ ಇನ್ನೊಂದು ಸಿಗುತ್ತದೆ, ಅಜ್ಜಿಯ ದನಿ ಇರುವ ಸಿಡಿ ಸಿಗುವುದಿಲ್ಲ. ಹಳೇ ಮದುವೆ ಡಿಸ್ಕುಗಳು ಜಾಸ್ತಿ ವಿಸಿಡಿಗಳೇ, ಅಂದರೆ ವಿಡಿಯೊ ತುಂಬಿದ ಸಿಡಿಗಳು. ಎಂಪಿಇಜಿಎವಿ ಎಂಬ ಫೋಲ್ಡರಿನಲ್ಲಿ ಹೆಸರು ಡಾಟ್ ಡಿಎಟಿ ಎಂದು ಮುಗಿಯುವ ಫೈಲ್ ಇರುತ್ತದೆ, ಅದೇ ವಿಡಿಯೊ. ಡಿವಿಡಿ ಆದರೆ ವಿಡಿಯೊ ಟಿಎಸ್ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ಎರಡೂ ವಿಎಲ್‌ಸಿಯಲ್ಲಿ ಓಡುತ್ತವೆ. ಕಾಪಿ ಅರ್ಧಕ್ಕೆ ನಿಂತರೆ ಅದೇ ಡಿಸ್ಕನ್ನು ಇನ್ನೊಬ್ಬರ ಡ್ರೈವಿನಲ್ಲಿ ಹಾಕಿ ನೋಡಿ, ಎಷ್ಟೋ ಸಲ ಅಲ್ಲಿ ಪೂರ್ತಿ ಬಂದುಬಿಡುತ್ತದೆ.